ಮಾವನವ್ರ ನಾಕು ಗಾಲಿ ವಿಮಾನ

ಮೊನ್ನೆ ಸಂತಿ ಮಾಡ್ಕೊಂಡು ಬರೂಮುಂದ ಎದುರುಮನಿ ವೈನಿ ನನ್ನ ನಿಲ್ಲಿಸಿ ಕೇಳಿದ್ರು, "ಅಲ್ಲವಾ, ನಿಮ್ಮ ಮನ್ಯಾಗ ದಿನಾ ರಾತ್ರಿ ಅದೇನು ಗುಂಯ್ ಅಂತ ಸಪ್ಪಳಾ? ಹಿಟ್ಟಿನ ಗಿರಣಿ ಏನರೆ ಹಾಕೀರೇನು?"

"ಗಿರಣಿ ಅಲ್ರಿ ವೈನಿ, ವಿಮಾನ" ಅಂದೆ.

ಅವ್ರು ಕೈಯಾಗಿನ ಮೆಂತೇಪಲ್ಲೆ ಸಿವುಡು ಚೀಲಕ್ಕ ಹಾಕೂದು ಬಿಟ್ಟು ನನ್ನ ಮಾರಿನ ನೋಡಿದ್ರು. ಓಣ್ಯಾಗ ನಿಂತು ಹೇಳಿ ಮುಗಿಸೂ ಮಾತಲ್ಲ ಅದು. ಅದಕ್ಕ ಇಲ್ಲೆ ಬರಿಯಾಕತ್ತೀನಿ. ಬೆಳಗಾವಿ ಚಿಗವ್ವ, ಹುಬ್ಬಳ್ಳಿ ಅಕ್ಕ, ನೀವೂ ಓದ್ರಿ. ಫೋನ್ ಮಾಡಿದಾಗೊಮ್ಮೆ "ನಿಮ್ಮ ಮಾವ ಈಗರೆ ಮಾತಾಡ್ತಾರೇನು?" ಅಂತ ಕೇಳ್ತೀರಲ್ಲ, ಅದಕ್ಕೂ ಇದರಾಗ ಉತ್ತರ ಐತಿ.

ನಮ್ಮ ಪುಟ್ಟ್ಯಾ ಈಗ ಸೆಕೆಂಡ್ ಪಿಯುಸಿ, ಸೈನ್ಸ್. ಅವನ ಕಂಪ್ಯೂಟರಿನ್ಯಾಗ ಎಕ್ಸ್-ಪ್ಲೇನ್ ಅನ್ನೂದೊಂದು ಐತಿ. ಆಟ ಅಂದ್ರ ಸಿಟ್ಟಿಗೇಳ್ತಾನ. "ಅವ್ವಾ, ಇದು ಆಟ ಅಲ್ಲ, ಸಿಮ್ಯುಲೇಟರ್" ಅಂತಾನ. ಗಾಳಿ ಎಷ್ಟು, ತೂಕ ಎಷ್ಟು, ರೆಕ್ಕಿ ಆಕಾರ ಹೆಂಗ, ಎಲ್ಲಾ ಲೆಕ್ಕಾ ಹಾಕಿ ವಿಮಾನ ಹಾರಸ್ತೈತಂತ. ಅದರ ಜೋಡಿ ಬರೂ ವಿಮಾನ ಇವಕ್ಕ ಸಾಲಂಗಿಲ್ಲ. ಬ್ಯಾರೇದವ್ರು ಮಾಡಿ ಮಾರೂ ವಿಮಾನ ರೊಕ್ಕಾ ಕೊಟ್ಟು ತಗೋತಾರ. ಅದಕ್ಕ ಆಡ್-ಆನ್ ಅಂತ ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಛೊಲೋ ಬಂದಾವಂತ ನಮ್ಮಣ್ಣ ಕೊಟ್ಟಿದ್ದ ರೊಕ್ಕಾ ಅಷ್ಟೂ ಹಾಕಿ ಇವ ಏರ್‌ಬಸ್ ಎ320 ನಿಯೋ ಅನ್ನೂದನ್ನ ತಗೊಂಡ. ಕೈಯಾಗ ಹಿಡಿಯಾಕ ಇಲ್ಲ, ಕಪಾಟಿನ್ಯಾಗ ಇಡಾಕ ಇಲ್ಲ. ಎರಡು ದಿನ ನಾನು ಅವ ಮಾತು ಬಿಟ್ಟಿದ್ವಿ.

ಅದರ ಮ್ಯಾಲೆ ಟೆಸ್ಟಿನ್ಯಾಗ ಫಿಸಿಕ್ಸಿಗೆ 70ಕ್ಕ 31 ಬಿತ್ತು. ಇನ್ನ ಇಂಟರ್ನೆಟ್ ಬಂದ್ ಮಾಡಸೂದ ಅಂತ ನಾ ಗಟ್ಟಿ ಮನಸ್ಸು ಮಾಡಿದ್ದೆ.

ಈಗ ಮಾವನವ್ರ ಮಾತು. ನಮ್ಮ ಮಾವನವ್ರು ಬೆಂಗಳೂರಿನ್ಯಾಗ ಇಂಡಿಯನ್ ಏರ್‌ಲೈನ್ಸಿನ್ಯಾಗ ಟೆಕ್ನಿಶಿಯನ್ ಇದ್ರು ಅನ್ನೂದು ನಿಮಗೆಲ್ಲಾ ಗೊತ್ತ ಐತಿ. ಎಚ್‌ಎಎಲ್ ವಿಮಾನ ನಿಲ್ದಾಣದಾಗ ವಿಮಾನ ಬಂದ ಕೂಡ್ಲೆ ಗಾಲಿ, ಬ್ರೇಕು, ಎಣ್ಣಿ ಎಲ್ಲಾ ತಪಾಸಣಿ ಮಾಡೂ ಕೆಲಸ. ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋತಲ್ಲ, ಆ 2008ರಾಗನ ನಿವೃತ್ತಿ ಆಗಿ ಧಾರವಾಡಕ್ಕ ಬಂದ್ರು. ಬಂದ ಮ್ಯಾಲೆ ಹಿತ್ತಲದಾಗ ಕರಿಬೇವು, ನುಗ್ಗಿ, ಮನ್ಯಾಗ ಕೆಟ್ಟ ಮಿಕ್ಸರ್, ಫ್ಯಾನ್ ರಿಪೇರಿ, ಇಷ್ಟ. ನೌಕರಿ ಬಗ್ಗೆ ಒಂದು ಮಾತು ಆಡಿದವ್ರಲ್ಲ. ಬ್ಯಾರೆ ಮನ್ಯಾಗಿನ ನಿವೃತ್ತ ಮಂದಿ ನೌಕರಿ ಕಥಿ ಹೇಳಿ ತಲಿ ತಿಂತಾರಂತ ನೀವು ಅನ್ನೂದು ಕೇಳಿ, ನಮ್ಮ ಮಾವ ಭಾಳ ಛೊಲೋ ಅಂತ ನಾ ಹೆಮ್ಮಿ ಪಟ್ಟೀನಿ.

ಎರಡು ವರ್ಷದ ಹಿಂದ ಅತ್ತಿ ಹೋದ ಮ್ಯಾಲೆ ಇದ್ದಬಿದ್ದ ಮಾತೂ ನಿಂತು ಹೋತು. "ಹ್ಞೂಂ", "ಸಾಕು", "ಬ್ಯಾಡ", ಈ ಮೂರರಾಗ ಅವ್ರ ದಿನಾ ಮುಗೀತಿತ್ತು. ಡಾಕ್ಟರ್ ನೋಡಿ ಮೈಯಾಗ ಏನೂ ಇಲ್ಲ ಅಂದ್ರು. ರೊಟ್ಟಿ ಬಡಿಯೂಮುಂದ ಅಡಗಿ ಮನಿ ಬಾಗಲ್ದಾಗ ಕುಂತು ಅತ್ತಿ ಜೋಡಿ ಮಾತಾಡಿದವ್ರು ಅಲ್ಲೇ ಕುಂತು ಸುಮ್ಮನ ಒಲಿ ನೋಡ್ತಿದ್ರು. ಅದನ್ನ ನೋಡಾಕ ನನಗ ಆಗ್ತಿದ್ದಿಲ್ಲ.

ಅವತ್ತೊಂದಿನ ಸಂಜಿಮುಂದ ಕರೆಂಟ್ ಹೋಗಿ ಬಂತು. ಪುಟ್ಟ್ಯಾನ ಖೋಲಿ ಫ್ಯಾನ್ ತಿರಗವಲ್ದು ಅಂತ ಮಾವ ನೋಡಾಕ ಹೋದ್ರು. ನಾ ಹಿಂದ ಚಹಾ ಹಿಡ್ಕೊಂಡು ಹೋದೆ. ಇವ ವಿಮಾನ ನೆಲಕ್ಕ ನಿಲ್ಲಿಸಿ ಸುತ್ತಾಮುತ್ತಾ ತೋರಿಸಿಕೋತ ಕುಂತಿದ್ದ. ಮಾವ ಫ್ಯಾನ್ ಬಿಟ್ಟು ಅವನ ಬೆನ್ನ ಹಿಂದ ನಿಂತ್ರು. ಎಷ್ಟೋ ಹೊತ್ತು ನಿಂತ್ರು. ಆಮ್ಯಾಲೆ ಅಂದ್ರು:

"ಇದು ನಮ್ಮದಲ್ಲ."

"ಏನಜ್ಜಾ?"

"ಗಾಲಿ ಎರಡ ಅದಾವ. ನಮ್ಮದಕ್ಕ ನಾಕು."

ಪುಟ್ಟ್ಯಾ ನಕ್ಕ. "ಅಜ್ಜಾ, ಎ320ಕ್ಕ ಒಂದು ಕಾಲಿಗೆ ಎರಡ ಗಾಲಿ. ಜಗತ್ತಿನ್ಯಾಗೆಲ್ಲಾ ಹಂಗ."

"ಜಗತ್ತಿಂದು ನನಗ ಗೊತ್ತಿಲ್ಲ. ನಾನು ಬಿಚ್ಚಿ ಹಾಕಿದ್ದು ನಾಕು."

ಚಹಾ ಕಪ್ಪು ನನ್ನ ಕೈಯಾಗ ಹಂಗ ಉಳೀತು. ಇಷ್ಟು ಮಾತು ಒಮ್ಮೆಲೆ ಕೇಳಿ ಎಷ್ಟು ತಿಂಗಳಾಗಿತ್ತೋ.

ಪುಟ್ಟ್ಯಾ ಹಟಾ ಮಾಡಿ ಇಂಟರ್ನೆಟ್ಟಿನ್ಯಾಗ ಹಳೇ ಫೋಟೋ ಹುಡಿಕಿದ. ಅಜ್ಜ ಹೇಳಿದ್ದ ಖರೆ! ಇಂಡಿಯನ್ ಏರ್‌ಲೈನ್ಸ್ 1989ರಾಗ ತರಿಸಿದ ಎ320 ವಿಮಾನಕ್ಕ ರೆಕ್ಕಿ ಕೆಳಗಿನ ಒಂದೊಂದು ಕಾಲಿಗೆ ಎರಡರ ಬದಲಿ ನಾಕು ಗಾಲಿ, ಮುಂದ ಎರಡು ಹಿಂದ ಎರಡು. ಆಗ ನಮ್ಮ ದೇಶದಾಗ ಎಷ್ಟೋ ಊರಿನ ರನ್‌ವೇ ಅಷ್ಟು ಗಟ್ಟಿ ಇದ್ದಿಲ್ಲ. ತೂಕಾ ಹಂಚಿ ಬೀಳಲಿ ಅಂತ ಹೇಳಿ ಮಾಡಿಸಿದ್ದಂತ ಅದು. ನಿಮಗ ತಿಳಿಯೂಹಂಗ ಹೇಳಬೇಕಂದ್ರ, ಮಳಿ ಆದ ಎರಿ ಹೊಲದಾಗ ಹಿಮ್ಮಡ ಎತ್ತರದ ಚಪ್ಪಲಿ ಹಾಕ್ಕೊಂಡು ಹೋದ್ರ ಪಾದ ಹೂತು ಹೋಗ್ತೈತಿ, ಬರಿಗಾಲಿಲೆ ಹೋದ್ರ ಅಷ್ಟು ಹೂತಂಗಿಲ್ಲ. ಅದ ತೂಕ, ಅದ ಮನಶ್ಯಾ, ಊರೂ ಜಾಗಾ ಅಗಲ ಆತು ಅಷ್ಟ.

"ಅಜ್ಜಾ, ನಾನು ಇದನ್ನ ನಿನ್ನ ವಿಮಾನ ಮಾಡ್ತೀನಿ" ಅಂದ ಪುಟ್ಟ್ಯಾ.

ಮಾವ "ಹ್ಞೂಂ" ಅಂದು ಹೋದ್ರು. ಫ್ಯಾನ್ ಅವತ್ತು ರಿಪೇರಿ ಆಗಲೇ ಇಲ್ಲ.

ಇಂಟರ್ನೆಟ್ ಬಂದ್ ಮಾಡಸೂ ಮಾತು ನಾ ಒಂದು ವಾರ ಮುಂದಕ್ಕ ಹಾಕಿದೆ. ಆ ವಾರ ಎರಡು ತಿಂಗಳಾತು.

ಹಳೇ ಸೀರಿ ಕೌದಿ ಆಗ್ತೈತಿ, ಅಪ್ಪನ ಪ್ಯಾಂಟು ಮಗನ ಚಡ್ಡಿ ಆಗ್ತೈತಿ. ಹಳೇದನ್ನ ಹೊಸಾದು ಮಾಡೂದು ನಮಗೆಲ್ಲಾ ಬರ್ತೈತಿ. ಹೊಸಾದನ್ನ ಹಳೇದು ಮಾಡೂ ಕೆಲಸ ನಾ ನೋಡಿದ್ದು ಇದ ಮೊದಲು. ಎಕ್ಸ್-ಪ್ಲೇನ್ ಜೋಡಿ ಪ್ಲೇನ್ ಮೇಕರ್ ಅಂತ ಇನ್ನೊಂದು ಬರ್ತೈತಿ. ಅದರಾಗ ವಿಮಾನದ ಅಳತಿ ಎಲ್ಲಾ ಬಿಚ್ಚಿ ಇಟ್ಟಿರ್ತಾರ. ಗಾಲಿ ಎಷ್ಟು, ಎಲ್ಲೆ, ಎಷ್ಟು ದೊಡ್ಡದು, ಇಂಜಿನ್ನಿನ ಜೋರು ಎಷ್ಟು, ಖಾಲಿ ತೂಕ ಎಷ್ಟು. ಗಾಲಿ ಪಟ್ಟಿಯೊಳಗ ಎರಡು ಇದ್ದದ್ದನ್ನ ನಾಕು ಅಂತ ಇವ ಆರಿಸಿದ. ಆತು ಅಂದ್ಕೊಂಡು ಹಾರಸಾಕ ಹೋದ್ರ, ವಿಮಾನ ರನ್‌ವೇ ಮ್ಯಾಲೆ ಕಾದ ಹಂಚಿನ್ಯಾಗ ಜ್ವಾಳ ಸಿಡಿದಂಗ ಸಿಡಿದು ಮಗ್ಗಲಾಗಿ ಬಿತ್ತು!

ಅವಂದು ಅಳೂ ಮಾರಿ. ನಾನು ನಗೂದು ತಡಕೊಂಡು ಅಜ್ಜನ್ನ ಕರದೆ. ಮಾವ ಅಳತಿ ಓದಿಸಿದ್ರು. ಕೇಳಿ ಅಂದ್ರು, "ಗಾಲಿ ದೊಡ್ಡವು ಆದ್ವು. ನಾಕಿದ್ರ ಸಣ್ಣ ಗಾಲಿ ಇರ್ತಾವು. ಈ ಗಾತ್ರದವು ನಾಕು ಇಟ್ರ ಕಾಲು ಮಡಚಿದಾಗ ಹೊಟ್ಟಿಯೊಳಗ ಹಿಡಸ್ತಾವೇನು?" ಖರೆನ ಐತಲ್ಲ! ಗಾಲಿ ಗಾತ್ರ ಕಡಿಮಿ ಮಾಡಿ, ಕಾಲಿನ ಉದ್ದ ಸರಿ ಮಾಡಿದ ಮ್ಯಾಲೆ ವಿಮಾನ ಸುಮ್ಮನ ನಿಂತಿತು.

ಆದ್ರ ನೋಡಾಕ ಎರಡ ಗಾಲಿ! ಯಾಕಂದ್ರ ಲೆಕ್ಕದ ಗಾಲಿ ಬ್ಯಾರೆ, ಕಣ್ಣಿಗೆ ಕಾಣೂ ಗಾಲಿ ಬ್ಯಾರೆ. ಇದು ನನಗ ಲಗೂನ ತಿಳೀತು. ಬ್ಲೌಜಿನ ಅಸ್ತರ ಬಿಚ್ಚಿ ಸಣ್ಣ ಮಾಡಿದ್ರ ಮ್ಯಾಲಿನ ಅರಿವಿ ತಾನ ಸಣ್ಣ ಆಗೂದಿಲ್ಲಲ್ಲ, ಅದನ್ನೂ ಬ್ಯಾರೆ ಬಿಚ್ಚಿ ಹೊಲಿಬೇಕು. ಕಾಣೂ ಗಾಲಿ ಬ್ಲೆಂಡರ್ ಅನ್ನೂ ಇನ್ನೊಂದರಾಗ ತಯಾರು ಮಾಡಬೇಕಂತ. ಬ್ಲೆಂಡರ್ ಅಂದಾಗ ನಾ ನಮ್ಮ ಮಿಕ್ಸರಿನ ಜಾರ್ ತಂದುಕೊಡಲೇನು ಅಂದೆ. ಇಬ್ಬರೂ ನಕ್ರು. ಇಬ್ಬರೂ ಅಂದ್ರ ಮಾವನೂ.

ರೆಕ್ಕಿ ತುದಿ ಬದಲಾತು. ಹೊಸಾ ವಿಮಾನಕ್ಕ ತುದಿ ಮ್ಯಾಲಕ್ಕ ಬಾಗಿ ಎದ್ದಿರ್ತೈತಿ, ಹಳೇದಕ್ಕ ಅಂಬಿನ ತುದಿಯಂಗ ಮ್ಯಾಲೊಂಚೂರು ಕೆಳಗೊಂಚೂರು ಸಣ್ಣ ಹಲಗಿ. ಇಂಜಿನ್ ಬದಲಾತು. ನಿಯೋದ ಇಂಜಿನ್ನಿನ ಪಂಖಾ 78 ಇಂಚು ಅಗಲ, ಅಜ್ಜನ ಕಾಲದ ವಿ2500 ಇಂಜಿನ್ನಿಂದು ಸುಮಾರು 63 ಇಂಚು. ಜೋರು 25,000 ಪೌಂಡು ಅಂತ ಹಾಕಿದ. ಆಕಾರ ಹೆಂಗ ಅಂತ ಗೊಂದಲಾದಾಗ ಮಾವ ಅಡಗಿ ಮನಿಗೆ ಬಂದ್ರು. ಒಂದು ತಪೇಲಿ, ಒಂದು ಉದ್ದ ಡಬ್ಬಿ ತಗೊಂಡು ಹೋದ್ರು. ಬ್ಯಾರೆ ಕಂಪನಿ ಎ320ದ ಇಂಜಿನ್ ಅಂದ್ರ ಡಬ್ಬಿ ಗಿಡ್ಡ, ಒಳಗಿನ ತಪೇಲಿ ಹಿಂದ ಹೊರಗ ಕಾಣ್ತೈತಿ. ನಮ್ಮದು ಅಂದ್ರ ಡಬ್ಬಿ ಉದ್ದ, ಎಲ್ಲಾ ಮುಚ್ಚಿಕೊಂಡು ಒಂದ ಬಾಯಿ. ನನ್ನ ಶೇಂಗಾ ಡಬ್ಬಿ ಮೂರು ದಿನ ಕಂಪ್ಯೂಟರ್ ಮಗ್ಗಲಕ್ಕನ ಇತ್ತು.

ತೂಕದಾಗ ಮತ್ತ ಜಗಳ. ಹೊಸಾದು 79 ಟನ್ ತನಕಾ ಹೊತ್ತು ಏಳ್ತೈತಿ, ಹಳೇದಕ್ಕ ಇವ 73.5 ಟನ್ ಅಂತ ಹಾಕಿದ. ಹಗುರಾದ ಮ್ಯಾಲೆ ಮೂತಿ ಏಳೂ ಹೊತ್ತು ಬದಲಾತು, ಇಳಿಯೂಮುಂದಿನ ವೇಗ ಬದಲಾತು. ಒಂದು ಎಳಿ ಎಳೆದ್ರ ಇಡೀ ಹೊಲಗಿ ಬಿಚ್ಚಿದಂಗ, ಒಂದು ಅಂಕಿ ಮುಟ್ಟಿದ್ರ ಹತ್ತು ಅಂಕಿ ತಪ್ಪತಿದ್ವು. ಇವ ಹಾಳಿ ಮ್ಯಾಲೆ ತೂಕದ ನಡುಬಿಂದು ಲೆಕ್ಕಾ ಮಾಡಾಕ ಕುಂತ. ಫಿಸಿಕ್ಸ್ ಪುಸ್ತಕ ತಾನ ತಗದ. ಪರೀಕ್ಷೆಗೆ ಅಲ್ರಿ, ವಿಮಾನಕ್ಕ. ಆದ್ರ ಪುಸ್ತಕ ಅದ ಪುಸ್ತಕ ಅಲ್ಲೇನು ಅಂತ ನಾ ಸುಮ್ಮನಿದ್ದೆ.

ಕಡೀಕ ಬಣ್ಣ. ಬಾಲಕ್ಕ ಕೇಸರಿ ಬಂತು, ಅದರ ಮ್ಯಾಲೆ ಬಿಳೀ ಗುರುತು. ಬಾಲದ ಹತ್ತರ ನೋಂದಣಿ ಅಕ್ಷರ ಬರೀಬೇಕು, ನಮ್ಮ ಗಾಡಿ ನಂಬರ್ ಇದ್ದಂಗ. ಹಳೇ ವಿಮಾನದ ಪಟ್ಟಿಯೊಳಗ ಹುಡುಕಿ ತನ್ನ ಹೆಸರಿನ ಮೊದಲ ಅಕ್ಷರ ಬರೂದನ್ನ ಆರಿಸಿದ: ವಿಟಿ-ಇಪಿಎನ್. ರವಿವಾರ ಮಧ್ಯಾಹ್ನ ಊಟ ಆದ ಮ್ಯಾಲೆ ಅಜ್ಜನ್ನ ಕರಕೊಂಡು ಬಂದು ಕುರ್ಚಿ ಮ್ಯಾಲೆ ಕುಂಡ್ರಿಸಿ, "ಈಗ ನೋಡಜ್ಜಾ" ಅಂದ.

ಮಾವ ನೋಡಿದ್ರು. ಗಾಲಿ ನೋಡಿದ್ರು, ಇಂಜಿನ್ ನೋಡಿದ್ರು, ಮಾರಿ ಅರಳಿತ್ತು. ಬಾಲದ ಕಡೆ ಬಂದಾಗ ಕನ್ನಡಕ ತಗದು ಒರಿಸಿ ಮತ್ತ ಹಾಕ್ಕೊಂಡು ಓದಿದ್ರು. ಎದ್ದ್ರು. ಗ್ವಾಡಿ ಹಿಡ್ಕೊಂಡು ತಮ್ಮ ಖೋಲಿಗೆ ಹೋಗಿ ಬಾಗಲಾ ಮುಂದ ಮಾಡಿಕೊಂಡ್ರು. ಚಹಾಕ್ಕ ಬರಲಿಲ್ಲ. ರಾತ್ರಿ ಊಟಕ್ಕೂ ಬರಲಿಲ್ಲ.

ನಾನು ಪುಟ್ಟ್ಯಾನ್ನ ಬೈದೆ. ಯಾಕ ಬೈದೆ ಅಂತ ನನಗೂ ಗೊತ್ತಿಲ್ಲ, ಏನೋ ತಪ್ಪು ಆಗೇತಿ ಅನ್ನೂದಷ್ಟ ಗೊತ್ತಿತ್ತು.

ನಮ್ಮ ಮನಿಯವ್ರು ರಾತ್ರಿ ಬಂದು ಆ ಅಕ್ಷರ ನೋಡಿ ಅಲ್ಲೇ ಹಾಸಿಗಿ ಮ್ಯಾಲೆ ಕುಂತ್ರು. ಆವಾಗ ಹೇಳಿದ್ರು. ಮದುವಿ ಆಗಿ ಇಪ್ಪತ್ತು ವರ್ಷಾತು, ನನಗ ಇದು ಗೊತ್ತ ಇದ್ದಿಲ್ಲ.

1990ರ ಫೆಬ್ರವರಿ 14. ಮುಂಬಯಿಯಿಂದ ಬೆಂಗಳೂರಿಗೆ ಬರೂ ವಿಮಾನ, ಅದ ಇಪಿಎನ್. ತಂದು ವರ್ಷ ಸಹಿತ ಆಗಿದ್ದಿಲ್ಲ. ಮಧ್ಯಾಹ್ನ ಒಂದರ ಸುಮಾರಿಗೆ ಇಳಿಯೂಮುಂದ ರನ್‌ವೇ ಮುಟ್ಟೂಕಿಂತ ಮೊದಲ ಗಾಲ್ಫ್ ಮೈದಾನದಾಗ ನೆಲಕ್ಕ ಬಡಿದು ಬೆಂಕಿ ಹತ್ತಿತು. ಒಳಗ 146 ಮಂದಿ ಇದ್ರು. 92 ಮಂದಿ ಹೋದ್ರು. ಮಾವ ಅವತ್ತು ಡ್ಯೂಟಿ ಮ್ಯಾಲೆ ಇದ್ರು. ಆ ವಿಮಾನ ಬಂದು ನಿಂತ ಕೂಡ್ಲೆ ಗಾಲಿ ನೋಡಬೇಕಾದವ್ರೊಳಗ ಅವ್ರೂ ಒಬ್ಬರು. ಅದಕ್ಕಂತ ಕಾಯ್ಕೋತ ನಿಂತಿದ್ರಂತ. ಕಾಯ್ಕೋತ ನಿಂತಾಗ ಹೊಗಿ ಕಂಡಿತು.

ನಮ್ಮ ಮನಿಯವ್ರಿಗೆ ಆಗ ಹತ್ತು ವರ್ಷ. ಅಪ್ಪ ಎರಡು ದಿನ ಆದ ಮ್ಯಾಲೆ ಮನಿಗೆ ಬಂದದ್ದು ನೆನಪೈತಿ ಅಂದ್ರು. ಅತ್ತಿ ಬಚ್ಚಲದಾಗ ನೀರು ಕಾಸಿ ತಾವ ತಲಿಗೆ ಹಾಕಿದ್ರಂತ, ಸಣ್ಣ ಮಕ್ಕಳಿಗೆ ಹಾಕಿದಂಗ. ಹಾಕ್ಕೊಂಡಿದ್ದ ಅಂಗಿ ಒಗೀಲಿಲ್ಲ, ಒಲಿಗೆ ಹಾಕಿದ್ರು. ಮಕ್ಕಳನ್ನ ಕರೆದು, "ಅಪ್ಪನ್ನ ಏನೂ ಕೇಳಬ್ಯಾಡ್ರಿ" ಅಂದ್ರು. ಅವ್ರು ಕೇಳಲಿಲ್ಲ. ಆಮ್ಯಾಲೆ ಸರಕಾರ ಎಲ್ಲಾ ಎ320 ಹಾರೂದು ನಿಲ್ಲಿಸಿತು, ಕೆಲವು ತಿಂಗಳು ಅವು ನಿಂತಲ್ಲೇ ನಿಂತ್ವು. ಮಾವ ದಿನಾ ಹೋಗಿ ಹಾರಲಾರದ ವಿಮಾನದ ಧೂಳಾ ಒರಿಸಿ ಬರ್ತಿದ್ರು. ಮತ್ತ ಹಾರಾಕ ಹತ್ತಿದ ಮ್ಯಾಲೆ ಹದಿನೆಂಟು ವರ್ಷ ಅದ ವಿಮಾನದ ಗಾಲಿ ಕೆಳಗ ಕೆಲಸ ಮಾಡಿದ್ರು.

ಅಡಗಿ ಮನಿ ಬಾಗಲ್ದಾಗ ಕುಂತು ಅತ್ತಿ ಜೋಡಿ ಅವ್ರು ಏನು ಮಾತಾಡ್ತಿದ್ರೋ ನನಗ ಗೊತ್ತಿಲ್ಲ. ಇದನ್ನೂ ಎಂದರೆ ಆಡಿರಬೇಕು. ಕೇಳೂ ಒಬ್ಬಾಕಿ ಹೋಗಿಬಿಟ್ಲು. ನಮ್ಮ ಮಾವ ಕಥಿ ಹೇಳಿ ತಲಿ ತಿನ್ನಂಗಿಲ್ಲ ಅಂತ ನಾ ಹೆಮ್ಮಿ ಪಟ್ಟದ್ದು ನೆನಪಾಗಿ ನನಗ ನಾಚಿಕಿ ಬಂತು.

ಪುಟ್ಟ್ಯಾ ಬಾಗಲ್ದಾಗ ನಿಂತು ಎಲ್ಲಾ ಕೇಳಸ್ಕೊಂಡಿದ್ದ. ನಮಗ ಗೊತ್ತ ಆಗಿದ್ದಿಲ್ಲ. "ಎಲ್ಲಾ ಅಳಿಸಿ ಹಾಕ್ತೀನಿ" ಅಂದ. ಎರಡು ತಿಂಗಳಿನ ಕೆಲಸ. ನಾನು, "ಇವತ್ತ ರಾತ್ರಿ ಏನೂ ಮಾಡಬ್ಯಾಡ. ಅಜ್ಜಂದು ಅದು, ಅಜ್ಜನ್ನ ಕೇಳು" ಅಂದೆ. ಅತ್ತಿ ಕೇಳಬ್ಯಾಡ್ರಿ ಅಂದಿದ್ರು, ನಾ ಕೇಳು ಅಂದೆ. ಅವ್ರು ಆವತ್ತು ಹೇಳಿದ್ದೂ ಸರಿನ ಇರಬೇಕು. ಮೂವತ್ತೈದು ವರ್ಷಾತಲ್ಲ.

ಮರುದಿನ ಮುಂಜಾನೆ ನಾ ಎದ್ದಾಗ ಮಾವ ಅಡಗಿ ಮನಿ ಬಾಗಲ್ದಾಗ ಕುಂತಿದ್ರು. ಪುಟ್ಟ್ಯಾ ಹಲ್ಲು ಸಹಿತ ತಿಕ್ಕಿದ್ದಿಲ್ಲ, ಬಂದು ಅವ್ರ ಮುಂದ ನೆಲದ ಮ್ಯಾಲೆ ಕುಂತ.

"ಅಜ್ಜಾ, ನನಗ ಗೊತ್ತಿದ್ದಿಲ್ಲ."

"ನಿನಗ ಹೆಂಗ ಗೊತ್ತಿರ್ತೈತಿ? ನಾ ಹೇಳಿದ್ನೇನು?"

"ಅಳಿಸಲೇನು?"

ಮಾವ ತಡಾ ಮಾಡಿ ಅಂದ್ರು, "ವಿಮಾನ ಏನು ಮಾಡೇತಿ? ಅದನ್ನ ಇಡು. ಆ ಅಕ್ಷರಾ ಬ್ಯಾಡ. ಎಫ್ ಹಾಕು. ಇಪಿಎಫ್. ಅದರ ಗಾಲಿ ಎಷ್ಟು ಸಲ ಬದಲಿ ಮಾಡೇನೋ ಲೆಕ್ಕಿಲ್ಲ."

ಆಮ್ಯಾಲೆ ನನ್ನ ಕಡೆ ನೋಡಿ, "ಚಹಾ ಇಡವಾ. ಒಂಚೂರು ಸಕ್ರಿ ಜಾಸ್ತಿ ಹಾಕು" ಅಂದ್ರು. ಡಾಕ್ಟರ್ ಬ್ಯಾಡ ಅಂದಾರಂತ ಗೊತ್ತಿದ್ದೂ ಹಾಕಿದೆ.

ಅವತ್ತು ಒಲಿ ಮುಂದ ಕುಂತು ಒಂದೀಟು ಹೇಳಿದ್ರು. ಎಲ್ಲಾ ಅಲ್ಲ. ಬದುಕಿದ ಮಂದಿಯೊಳಗ ಒಬ್ಬಾವ ತನ್ನ ಚಪ್ಪಲಿ ಕಳದಾವಂತ ಹುಡಕತಿದ್ನಂತ, ಅದನ್ನ ಹೇಳಿ ಸುಮ್ಮನಾದ್ರು. ನಾ ರೊಟ್ಟಿ ಬಡಿಕೋತ ಕೇಳಿದೆ. ಕೈ ನಿಲ್ಲಿಸಲಿಲ್ಲ. ಕೈ ನಿಲ್ಲಿಸಿ ಮಾರಿ ನೋಡಿದ್ರ ಅವ್ರು ಮಾತು ನಿಲ್ಲಸ್ತಾರ ಅಂತ ನನಗ ಅನಿಸಿತು.

ಈಗ ದಿನಾ ರಾತ್ರಿ ಊಟ ಆದ ಮ್ಯಾಲೆ ಅಜ್ಜ ಮೊಮ್ಮಗ ಇಬ್ಬರೂ ಹಾರಸ್ತಾರ. ಮುಂಬಯಿಯಿಂದ ಗೋವಾ, ಗೋವಾದಿಂದ ಕೊಚ್ಚಿ, ಮದ್ರಾಸು. ಮಾವಗ ಅದು ಇನ್ನೂ ಮದ್ರಾಸ ಐತಿ. ಇಳಿಯೂಮುಂದ ಕುರ್ಚಿ ಕೈ ಗಟ್ಟಿ ಹಿಡ್ಕೋತಾರ. ನಾಕು ಗಾಲಿ ನೆಲಾ ಮುಟ್ಟಿ ಸಪ್ಪಳಾದ ಮ್ಯಾಲೆ ಬಿಡ್ತಾರ. ಬೆಂಗಳೂರಿಗೆ ಇನ್ನೂ ಹೋಗಿಲ್ಲ. ಪುಟ್ಟ್ಯಾ ಒಮ್ಮೆ ಮೆಲ್ಲಕ ಕೇಳಿದ್ದಕ್ಕ "ನೋಡೂಣು" ಅಂದಾರ. ಮೊದಲಿನಂಗ "ಬ್ಯಾಡ" ಅಂತ ಅಂದಿಲ್ಲ. ನಾವೂ ಅವಸರ ಮಾಡಿಲ್ಲ.

ಫಿಸಿಕ್ಸಿಗೆ ಈ ಸಲ 70ಕ್ಕ 46 ಬಂತು. ಅಷ್ಟೇನು ದೊಡ್ಡದಲ್ಲ, ಆದ್ರೂ ಬರದಿಡ್ತೀನಿ, ಇಲ್ಲಂದ್ರ ಹುಬ್ಬಳ್ಳಿ ಅಕ್ಕ ಕೇಳ್ತಾಳ. ಪುಟ್ಟ್ಯಾನ ಖೋಲಿ ಫ್ಯಾನ್ ಸಹಿತ ಮೊನ್ನೆ ರಿಪೇರಿ ಆತು. ಶೇಂಗಾ ಡಬ್ಬಿ ಅಡಗಿ ಮನಿಗೆ ವಾಪಸ್ ಬಂದೈತಿ, ಮುಚ್ಚಳ ಮಾತ್ರ ಸಿಕ್ಕಿಲ್ಲ.

ವೈನಿ, ಸಪ್ಪಳದ ಮಾತು ಹೇಳಿದ್ರಲ್ಲ, ನಿಮ್ಮ ತಕರಾರು ಖರೆ ಐತಿ. ಇನ್ನ ಮ್ಯಾಲೆ ಒಂಬತ್ತೂವರಿಗೆಲ್ಲಾ ನೆಲಕ್ಕ ಇಳಿಬೇಕಂತ ಇಬ್ಬರಿಗೂ ಹೇಳೇನಿ. ಪುಟ್ಟ್ಯಾ ಕಿವಿಗೆ ಹಾಕ್ಕೊಳ್ಳೂದು ತರಸೂಣು ಅಂದ. ಮಾವ ಬ್ಯಾಡ ಅಂದ್ರು, ಇಂಜಿನ್ನಿನ ಸಪ್ಪಳ ಖೋಲ್ಯಾಗ ತುಂಬಬೇಕಂತ ಅವ್ರಿಗೆ. ಒಂದಿನ ಸಂಜಿಮುಂದ ನೀವೂ ಬರ್ರಿ, ಗಾಲಿ ತೋರಸ್ತಾರ. ಆದ್ರ ಆ ಇನ್ನೊಂದು ಅಕ್ಷರದ ಮಾತು ಮಾತ್ರ ನೀವಾಗಿ ಎತ್ತಬ್ಯಾಡ್ರಿ. ಅವ್ರಾಗಿ ಹೇಳಿದ್ರ ಕೇಳ್ರಿ. ರೊಟ್ಟಿ ಬಡಿಯೂಮುಂದ ಬಂದ್ರ ಇನ್ನೂ ಛೊಲೋ.